ಚೆಂಡು ಕೈಬಿಟ್ಟಿದ್ದು ಮೊದಲೋ, ಬಜರ್ ಮೊದಲೋ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಆಗಸ್ಟ್‌ನಲ್ಲಿ ನಡೆದ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ನಮ್ಮ ಹುಡುಗಿಯರು 40–41ರಿಂದ ಸೋತರು. ಕೊನೆಯ ನಾಲ್ಕು ಸೆಕೆಂಡಿನಲ್ಲಿ ನಮ್ಮ ಹುಡುಗಿ ಎರಡು ಡ್ರಿಬಲ್ ಹಾಕಿ ದೂರದಿಂದ ಹೊಡೆದಳು, ಚೆಂಡು ಒಳಗೆ ಬಿತ್ತು. ಅಂಪೈರ್ ಮೊದಲು ಅಂಕ ಕೊಟ್ಟರು. ಅಷ್ಟರಲ್ಲಿ ಗಡಿಯಾರ ನೋಡಿಕೊಳ್ಳುವ ಟೈಮರ್ ಎದ್ದು ನಿಂತು ಕೈಬೀಸಿದರು. ಇಬ್ಬರೂ ಮಾತಾಡಿಕೊಂಡು ಅಂಕ ರದ್ದು ಮಾಡಿದರು. ತಗಡಿನ ಶೀಟಿನ ಮೇಲೆ ಮಳೆ ಹೊಯ್ಯುತ್ತಿತ್ತು, ಬಜರ್ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಪೋಷಕರೊಬ್ಬರು ಆಚೆ ತುದಿಯಿಂದ ತೆಗೆದ ಮೊಬೈಲ್ ವಿಡಿಯೋದಲ್ಲಿ ಬಜರ್‌ಗಿಂತ ಮೊದಲೇ ಚೆಂಡು ಕೈಬಿಟ್ಟ ಹಾಗೆ ಕಾಣುತ್ತದೆ. ನಮಗೆ ಅನ್ಯಾಯವಾಯಿತೇ? ಹೊಡೆಯುವಾಗ ಅವಳ ಕೈಗೆ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು? ಮುಂದಿನ ತಿಂಗಳು ನಾನೇ ಅಂಪೈರಿಂಗ್ ಮಾಡಬೇಕಾಗಿದೆ, ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕು?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ವಿಡಿಯೋವನ್ನು ಹತ್ತು ಸಲವಾದರೂ ನೋಡಿದೆ. ಮೊದಲು ನೇರ ಉತ್ತರ. ಅಂಕ ಕೊಟ್ಟು ಆಮೇಲೆ ರದ್ದು ಮಾಡಿದ್ದು ನಿಯಮದೊಳಗೇ ಇದೆ. ನೀವು ಕಳಿಸಿದ ವಿಡಿಯೋ ಆ ತೀರ್ಪು ತಪ್ಪೆಂದು ತೋರಿಸುವುದಿಲ್ಲ. ಆದರೂ ನಿಮ್ಮ ಹುಡುಗಿಯರಿಗೆ ಆದ ಸಂಕಟ ನಿಜ. ಅದಕ್ಕೆ ಕಾರಣವಾದ ತಪ್ಪು ಆ ಕೊನೆಯ ಸೆಕೆಂಡಿನಲ್ಲಿ ಆದದ್ದಲ್ಲ, ಪಂದ್ಯ ಶುರುವಾಗುವ ಮೊದಲೇ ಆಗಿದೆ. ಒಂದೊಂದಾಗಿ ಹೇಳುತ್ತೇನೆ.

ಕೊನೆಯ ಗಳಿಗೆಯ ಶಾಟ್ ಬಗ್ಗೆ ನಮ್ಮ ಕಡೆ ಎಷ್ಟು ಜಗಳ ನೋಡಿದ್ದೇನೋ, ಅದರಲ್ಲಿ ಅರ್ಧ ಜನ ಬುಟ್ಟಿಯನ್ನು ನೋಡಿ ಮಾಡುವ ಜಗಳ. ಚೆಂಡು ಬುಟ್ಟಿಗೆ ಬೀಳುವ ಹೊತ್ತಿಗೆ ಗಡಿಯಾರ ಸೊನ್ನೆಯಾಗಿತ್ತೇ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಮೂರು ಅಂಕದ ಗೆರೆ ಬುಟ್ಟಿಯಿಂದ 6.75 ಮೀಟರ್ ದೂರ, ರಿಂಗ್ 3.05 ಮೀಟರ್ ಎತ್ತರ. ಆ ದೂರದಿಂದ ಕಮಾನು ಹಾಕಿ ಹೊಡೆದ ಚೆಂಡು ಸುಮಾರು ಒಂದು ಸೆಕೆಂಡು ಗಾಳಿಯಲ್ಲೇ ಇರುತ್ತದೆ. ಹಾಗಾಗಿ ಬಜರ್ ಆಗಿ ಒಂದು ಸೆಕೆಂಡಿನ ನಂತರ ಬಿದ್ದ ಚೆಂಡೂ ನ್ಯಾಯವಾದ ಅಂಕವೇ ಆಗಬಹುದು. ಸಂಜೆ ಐದೂವರೆಯ ಬಸ್ಸು ಐದೂವರೆಗೆ ಸ್ಟ್ಯಾಂಡು ಬಿಟ್ಟಿತೇ ಎಂದು ಕೇಳಬೇಕು, ಆಗುಂಬೆಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದಲ್ಲ. ಸಮಯ ಮುಗಿದ ಸಂಕೇತ ಬರುವ ಮೊದಲು ಚೆಂಡು ಬೆರಳ ತುದಿಯನ್ನು ಪೂರ್ತಿ ಬಿಟ್ಟಿರಬೇಕು, ಅಷ್ಟೇ. ಗಾಳಿಯಲ್ಲಿರುವ ಚೆಂಡು ಸಂಕೇತದಿಂದ ಸಾಯುವುದಿಲ್ಲ.

ಕಬಡ್ಡಿ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಗೊಂದಲ ಸಹಜ. ಕಬಡ್ಡಿಯಲ್ಲಿ ಸಮಯ ಮುಗಿದರೂ ಶುರುವಾದ ರೈಡನ್ನು ಪೂರ್ತಿ ಮಾಡಲು ಬಿಡುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಗಿಲ್ಲ. ನೆಗೆದಾಗಿದೆ, ಕೈ ಎತ್ತಾಗಿದೆ, ಮಣಿಕಟ್ಟು ಬಾಗುತ್ತಿದೆ, ಆಗ ಬಜರ್ ಆಯಿತು ಅಂದರೆ ಮುಗಿಯಿತು. ಶುರುಮಾಡಿದ ಕ್ರಿಯೆಗೆ ಬೆಲೆಯಿಲ್ಲ, ಕೈಬಿಟ್ಟ ಚೆಂಡಿಗೆ ಮಾತ್ರ ಬೆಲೆ.

ಇನ್ನು ಸಂಕೇತ ಯಾವುದು? ಅಂಪೈರ್ ಊದುವ ಸೀಟಿ ಅಲ್ಲ, ಟೈಮರ್ ಮೇಜಿನಿಂದ ಬರುವ ಗಡಿಯಾರದ ಬಜರ್. ದೊಡ್ಡ ಕ್ರೀಡಾಂಗಣಗಳಲ್ಲಿ ಬುಟ್ಟಿಯ ಹಿಂದಿನ ಹಲಗೆಯಾದ ಬ್ಯಾಕ್‌ಬೋರ್ಡ್ ಸುತ್ತ ಕೆಂಪು ದೀಪದ ಪಟ್ಟಿ ಇರುತ್ತದೆ, ಗಡಿಯಾರ ಸೊನ್ನೆಗೆ ಬಂದೊಡನೆ ಅದು ಹೊತ್ತಿಕೊಳ್ಳುತ್ತದೆ. ಅಂಥ ದೀಪ ಇರುವ ಕಡೆ ಸದ್ದಿಗಿಂತ ದೀಪಕ್ಕೇ ಮೊದಲ ಮಾನ್ಯತೆ ಎಂದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ ಹೇಳುತ್ತದೆ. ಕಾರಣ ಸರಳ. ಬೆಳಕು ತಕ್ಷಣ ಮುಟ್ಟುತ್ತದೆ, ಸದ್ದು ನಡೆದುಕೊಂಡು ಬರಬೇಕು. ಇನ್ನೊಂದು ಅನುಕೂಲವೂ ಇದೆ: ದೀಪ ಬ್ಯಾಕ್‌ಬೋರ್ಡಿನಲ್ಲೇ ಇರುವುದರಿಂದ ಶಾಟ್ ಹೊಡೆಯುವ ಕೈ, ದೀಪ ಎರಡನ್ನೂ ಒಂದೇ ನೋಟದಲ್ಲಿ ಹಿಡಿಯಬಹುದು.

ನಮ್ಮಲ್ಲಿ ಆ ದೀಪ ಇಲ್ಲ. ಇರುವುದು ಬಜರ್. ಅದೂ ಆಶ್ಲೇಷ ಮಳೆಯಲ್ಲಿ, ತಗಡಿನ ಮಾಡಿನ ಕೆಳಗೆ. ಮಲೆನಾಡಿನಲ್ಲಿ ಆಟ ಆಡಿಸಿದವರಿಗೆ ಆ ಸದ್ದು ಗೊತ್ತು. ಮಳೆ ಜಡಿಯಲು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ, ಆಟಗಾರರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಬಜರ್ ಕೇಳಿಸದಿದ್ದರೆ ಟೈಮರ್ ಸುಮ್ಮನೆ ಕೂರುವಂತಿಲ್ಲ, ಬೇರೆ ಯಾವುದಾದರೂ ರೀತಿಯಲ್ಲಿ ತಕ್ಷಣ ಅಂಪೈರ್‌ಗಳಿಗೆ ತಿಳಿಸಬೇಕು ಎಂದೇ ನಿಯಮವಿದೆ. ಆದ್ದರಿಂದ ಅಂದು ಟೈಮರ್ ಎದ್ದು ಕೈಬೀಸಿದ್ದು ನಿಮ್ಮ ವಿರುದ್ಧ ಮಾಡಿದ ಪಿತೂರಿಯಲ್ಲ. ಅದು ಅವರ ಕೆಲಸ.

ಅಂಪೈರ್ ಮೊದಲು ಅಂಕ ಕೊಟ್ಟು ಬಳಿಕ ಬದಲಾಯಿಸಿದ್ದರ ಬಗ್ಗೆ ನಿಮ್ಮ ಪೋಷಕರಿಗೆ ಹೆಚ್ಚು ಸಿಟ್ಟು ಇದ್ದಂತಿದೆ. ಅನುಮಾನ ಬಂದಾಗ ಮುಖ್ಯ ರೆಫರಿ ಜೊತೆಯ ಅಂಪೈರನ್ನೂ ಟೈಮರನ್ನೂ ಕೇಳಬಹುದು, ಪಂದ್ಯದ ಮೇಲ್ವಿಚಾರಣೆಗೆ ಕಮಿಷನರ್ ಇದ್ದರೆ ಅವರನ್ನೂ ಕೇಳಬಹುದು. ಕೊನೆಯ ಮಾತು ಮಾತ್ರ ಮುಖ್ಯ ರೆಫರಿಯದೇ. ಸ್ಕೋರ್ ಶೀಟಿಗೆ ಅವರು ಸಹಿ ಹಾಕುವವರೆಗೆ ತೀರ್ಪು ತಿದ್ದಲು ಅವಕಾಶವಿದೆ. ಸಹಿ ಬಿದ್ದ ಮೇಲೆ ಇಲ್ಲ.

ಆದರೆ ಟೈಮರನ್ನು ಏನು ಕೇಳಬೇಕು ಎಂಬುದರಲ್ಲಿ ತುಂಬ ಜನ ಎಡವುತ್ತಾರೆ. “ಶಾಟ್ ಸರಿಯಾಗಿತ್ತಾ?” ಎಂದು ಕೇಳುವುದು ತಪ್ಪು. ತೀರ್ಪು ಕೊಡುವುದು ಟೈಮರ್ ಕೆಲಸ ಅಲ್ಲ. “ಬಜರ್ ಆದಾಗ ಚೆಂಡು ಎಲ್ಲಿತ್ತು, ಕೈಯಲ್ಲೋ ಗಾಳಿಯಲ್ಲೋ?” ಎಂದಷ್ಟೇ ಕೇಳಬೇಕು. ಅದಕ್ಕೆ ಮೂರು ಉತ್ತರ ಸಾಧ್ಯ: ಕೈಯಲ್ಲಿತ್ತು, ಗಾಳಿಯಲ್ಲಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಮೂರನೆಯದನ್ನು ಹೇಳುವ ಟೈಮರನ್ನು ನಾನು ತುಂಬ ಗೌರವಿಸುತ್ತೇನೆ. ನಿಮ್ಮ ಪಂದ್ಯದಲ್ಲಿ ಅವರು “ಇನ್ನೂ ಕೈಯಲ್ಲೇ ಇತ್ತು” ಎಂದು ಖಚಿತವಾಗಿ ಹೇಳಿ, ಅಂಪೈರ್ ಬಳಿ ಅದಕ್ಕೆ ಎದುರಾಗಿ ತಾನು ಕಂಡದ್ದು ಏನೂ ಇರದಿದ್ದರೆ, ರದ್ದು ಮಾಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಈಗ ವಿಡಿಯೋ. ನೀವು ಇದನ್ನು ಪೋಷಕರಿಗೆ ವಿವರಿಸಬೇಕಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಕಣದ ಉದ್ದ 28 ಮೀಟರ್. ತೆಗೆದವರು ಆಚೆ ತುದಿಯಲ್ಲಿ ಜನರ ಹಿಂದೆ ನಿಂತಿದ್ದಾರೆ, ಟೈಮರ್ ಮೇಜಿನಿಂದ ಅಂದಾಜು 30 ಮೀಟರ್ ದೂರ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಬಜರ್ ಸದ್ದು ಆ ಫೋನಿನ ಮೈಕು ಮುಟ್ಟಲು ಸೆಕೆಂಡಿನ ನೂರರಲ್ಲಿ ಒಂಬತ್ತು ಭಾಗ ಬೇಕು. ಹುಡುಗಿಯ ಕೈ ಕ್ಯಾಮೆರಾಕ್ಕೆ ಕಾಣಲು ಹೊತ್ತೇ ಬೇಡ. ಫೋನು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ನಿಮ್ಮ ವಿಡಿಯೋದಲ್ಲಿ ಬಜರ್ ಹೆಚ್ಚುಕಡಿಮೆ ಮೂರು ಚಿತ್ರದಷ್ಟು ತಡವಾಗಿ ಕೇಳಿಸುತ್ತದೆ. ನಾನು ಒಂದೊಂದೇ ಚಿತ್ರ ಸರಿಸಿ ನೋಡಿದೆ. ಒಂದರಲ್ಲಿ ಚೆಂಡು ಅವಳ ಮಧ್ಯಬೆರಳಿಗೆ ತಾಗಿಕೊಂಡಿದೆ, ಮುಂದಿನದರಲ್ಲಿ ಬೆರಳಿಗೂ ಚೆಂಡಿಗೂ ನಡುವೆ ಹಿಂದಿನ ಗೋಡೆಯ ಸುಣ್ಣ ಕಾಣುತ್ತದೆ. ಅದಾದ ಎರಡನೇ ಚಿತ್ರಕ್ಕೆ ಬಜರ್ ಶುರುವಾಗುತ್ತದೆ. ಆ ಮೂರು ಚಿತ್ರವನ್ನು ಹಿಂದಕ್ಕೆ ತಳ್ಳಿ ನೋಡಿ. ಬಜರ್ ನಿಜವಾಗಿ ಶುರುವಾದಾಗ ಚೆಂಡು ಇನ್ನೂ ಬೆರಳಲ್ಲಿತ್ತು ಎಂದೇ ಆಗುತ್ತದೆ. ಕೂದಲೆಳೆಯಷ್ಟು ಅಂತರ ಮೇಡಂ, ಆಣೆ ಮಾಡಿ ಹೇಳುವಂಥದ್ದಲ್ಲ. ಆದರೆ “ವಿಡಿಯೋದಲ್ಲಿ ಸ್ಪಷ್ಟವಾಗಿದೆ” ಎಂದು ಯಾರಾದರೂ ಹೇಳಿದರೆ, ಸ್ಪಷ್ಟವಾಗಿಲ್ಲ.

ಅಲ್ಲದೆ ನೋಡುಗರ ಫೋನನ್ನು ತೀರ್ಪಿಗೆ ಬಳಸುವಂತೆಯೂ ಇಲ್ಲ. ಮರುದೃಶ್ಯ ನೋಡುವ ವ್ಯವಸ್ಥೆ ಇದ್ದರೆ ಪಂದ್ಯಕ್ಕೆ ಮೊದಲೇ ಮುಖ್ಯ ರೆಫರಿ ಅದನ್ನು ಪರಿಶೀಲಿಸಿ ಒಪ್ಪಿರಬೇಕು. ಅಮೆರಿಕದ ಎನ್‌ಬಿಎಯಂಥ ಶ್ರೀಮಂತ ಲೀಗಿಗೂ ಈ ವ್ಯವಸ್ಥೆ ಬಂದದ್ದು 2002–03ರ ಋತುವಿನಲ್ಲಿ. ಅದಕ್ಕೆ ಹಿಂದಿನ ಮೇ ತಿಂಗಳಲ್ಲಿ ಲೇಕರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ನಡುವಿನ ಪಂದ್ಯದಲ್ಲಿ ಲೇಕರ್ಸ್‌ನ ಸಮಾಕಿ ವಾಕರ್ ಮೊದಲಾರ್ಧದ ಕೊನೆಗೆ ಬಹಳ ದೂರದಿಂದ ಹೊಡೆದ ಮೂರು ಅಂಕವನ್ನು ಅಂಪೈರ್‌ಗಳು ಮಾನ್ಯ ಮಾಡಿದ್ದರು. ಟಿವಿಯ ಮರುದೃಶ್ಯದಲ್ಲಿ ಸಮಯ ಮುಗಿದಾಗ ಚೆಂಡು ಕೈಯಲ್ಲೇ ಇತ್ತು. ಲೇಕರ್ಸ್ ಆ ಪಂದ್ಯ ಗೆದ್ದದ್ದು 100–99ರಿಂದ, ಒಂದೇ ಅಂಕ. ಜಗತ್ತಿನ ಅತ್ಯುತ್ತಮ ಅಂಪೈರ್‌ಗಳ ಕಣ್ಣಿಗೂ ತಪ್ಪುತ್ತದೆ ಎಂದು ಒಪ್ಪಿಕೊಂಡೇ ಮರುದೃಶ್ಯ ತಂದರು.

ನನ್ನ ಕಣ್ಣೂ ತಪ್ಪಿದೆ. ಬಹಳ ವರ್ಷಗಳ ಹಿಂದೆ ಶಿವಮೊಗ್ಗ ಜಿಲ್ಲೆಯದೇ ಒಂದು ಊರಿನಲ್ಲಿ, ಬಯಲು ಅಂಕಣದಲ್ಲಿ, ಕಾಲೇಜು ಹುಡುಗರ ಪಂದ್ಯ. ನಾನು ಹಿಂದಿನ ಸ್ಥಾನದಲ್ಲಿದ್ದೆ. ಹುಡುಗ ನೆಗೆದ, ಚೆಂಡು ಮೇಲೆ ಹೋಯಿತು, ನನ್ನ ಕಣ್ಣೂ ಅದರ ಹಿಂದೆಯೇ ಹೋಯಿತು. ಬುಟ್ಟಿಯ ಬಲೆ ಅಲ್ಲಾಡಿದ್ದು ಕಂಡಿತು, ಜನ ಕಿರುಚಿದರು, ಬಜರ್ ಎಲ್ಲಾಯಿತು ಎಂಬುದೇ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಎರಡು ಅಂಕ ಕೊಟ್ಟುಬಿಟ್ಟೆ. ಪಂದ್ಯ ಮುಗಿದ ಮೇಲೆ ಸೋತ ತಂಡದ ನಾಯಕ ಬಂದು, ಜಗಳವಾಡದೆ, ಮೆಲ್ಲಗೆ ಒಂದೇ ಮಾತು ಕೇಳಿದ: “ಸಾರ್, ನೀವು ಅವನ ಕೈ ನೋಡಿದ್ರಾ?” ನಾನು ನೋಡಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ಪಂದ್ಯದ ಕೊನೆಯ ನಿಮಿಷಕ್ಕೆ ಆ ಹುಡುಗನ ಪ್ರಶ್ನೆ ನೆನಪಾಗುತ್ತದೆ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಇಬ್ಬರು ಅಂಪೈರ್‌ಗಳ ಪಂದ್ಯದಲ್ಲಿ ಒಬ್ಬರು ಎಂಡ್‌ಲೈನ್ ಹತ್ತಿರ, ಬುಟ್ಟಿಯ ಪಕ್ಕ ಇರುತ್ತಾರೆ, ಅವರು ಲೀಡ್. ಆಟದ ಹಿಂದೆ, ನಡುಗೆರೆಯ ಕಡೆಯಿಂದ ಬರುವವರು ಟ್ರೇಲ್. ಕೊನೆಯ ಶಾಟಿನ ಹೊಣೆ ಟ್ರೇಲ್‌ನದು. ನೀವು ಟ್ರೇಲ್ ಆಗಿದ್ದರೆ ಚೆಂಡನ್ನು ಹಿಂಬಾಲಿಸಬೇಡಿ. ಬುಟ್ಟಿಗೆ ಬಿತ್ತೋ ಇಲ್ಲವೋ ಎಂದು ಹೇಳಲು ಇಡೀ ಊರೇ ಇದೆ, ಲೀಡ್ ಇದ್ದಾರೆ. ಕೈಬಿಟ್ಟ ಗಳಿಗೆಯನ್ನು ನೋಡಲು ನೀವೊಬ್ಬರೇ. ಕಣ್ಣು ಕೈಯ ಮೇಲಿರಲಿ, ಕಿವಿ ಬಜರ್ ಕಡೆಗಿರಲಿ. ಆಟಗಾರ್ತಿಯ ಹಿಂದೆ ನೇರವಾಗಿ ನಿಂತರೆ ಬೆನ್ನು ಕಾಣುತ್ತದೆ, ಕೈ ಕಾಣುವುದಿಲ್ಲ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೆರಳಿಗೂ ಚೆಂಡಿಗೂ ನಡುವಿನ ಬೆಳಕು ಕಾಣುವ ಕೋನ ಹುಡುಕಿಕೊಳ್ಳಿ. ಮೂರು ಅಂಕದ ಗೆರೆಯ ಹೊರಗಿನಿಂದ ಹೊಡೆದರೆ ಒಂದು ಕೈ ಎತ್ತಿ ಮೂರು ಬೆರಳು ತೋರಿಸಿ. ಬಿದ್ದರೆ ಇನ್ನೊಂದು ಕೈಯೂ ಮೇಲೆ. ಎರಡು ಅಂಕವಾದರೆ ಎರಡು ಬೆರಳು ಚಾಚಿ ಮಣಿಕಟ್ಟನ್ನು ಕೆಳಗೆ ಬಾಗಿಸಿ. ತಡವಾಗಿದ್ದರೆ ಎದೆಯ ಮುಂದೆ ಎರಡೂ ಕೈ ಕತ್ತರಿಯಂತೆ ಒಮ್ಮೆ ಆಡಿಸಿ. ಇದನ್ನು ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಮನಸ್ಸಿನಲ್ಲಿ ತೀರ್ಮಾನಿಸಿರಬೇಕು. ಬುಟ್ಟಿಗೆ ಬಿದ್ದ ಮೇಲೆ ಯೋಚಿಸತೊಡಗಿದರೆ ಜನರ ಕೂಗು ನಿಮ್ಮ ಪರವಾಗಿ ಯೋಚಿಸಿಬಿಡುತ್ತದೆ.

ಕೈಗೆ ಪೆಟ್ಟು ಬಿದ್ದಿದ್ದರೆ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಹಳೆಯ ಅಂಪೈರ್‌ಗಳೂ ಇಲ್ಲಿ ತಡವರಿಸುತ್ತಾರೆ. ಬಜರ್‌ಗೆ ಮೊದಲು ಅಥವಾ ಬಜರ್ ಆಗುವ ಹೊತ್ತಿಗೇ ಫೌಲ್ ಆಗಿ, ಬಜರ್ ಆದಾಗ ಚೆಂಡು ಇನ್ನೂ ಕೈಯಲ್ಲೇ ಇದ್ದು, ಆಮೇಲೆ ಅದು ಬುಟ್ಟಿಗೆ ಬಿದ್ದರೆ ಆ ಬುಟ್ಟಿ ಲೆಕ್ಕಕ್ಕಿಲ್ಲ. ಆದರೆ ಫೌಲ್ ಉಳಿಯುತ್ತದೆ. ಹೊಡೆದ ಜಾಗ ನೋಡಿ ಎರಡು ಅಥವಾ ಮೂರು ಫ್ರೀ ಥ್ರೋ ಕೊಡಬೇಕು, ಸಮಯ ಮುಗಿದಿದ್ದರೂ. ಬೇರೆ ಹೊತ್ತಿನಲ್ಲಾದರೆ ಫೌಲ್ ಆದ ಮೇಲೂ ಅದೇ ಓಘದಲ್ಲಿ ಹೊಡೆದ ಚೆಂಡು ಬಿದ್ದರೆ ಅಂಕ ಸಿಗುತ್ತದಲ್ಲ, ಅದೇ ನೆನಪಿನಲ್ಲಿ ಕೆಲವರು ಇಲ್ಲೂ ಕೊಟ್ಟುಬಿಡುತ್ತಾರೆ. ಕೊಡಬಾರದು. ಆ ಓಘ ಫೌಲನ್ನು ದಾಟುತ್ತದೆ, ಗಡಿಯಾರವನ್ನು ದಾಟುವುದಿಲ್ಲ. ನಿಮ್ಮ ಹುಡುಗಿಗೆ ಪೆಟ್ಟು ಬಿದ್ದಿದ್ದರೆ, ಒಂದು ಅಂಕ ಹಿಂದಿದ್ದ ತಂಡಕ್ಕೆ ಖಾಲಿ ಅಂಕಣದಲ್ಲಿ ನಿಂತು ಎಸೆಯುವ ಫ್ರೀ ಥ್ರೋಗಳು ಸಿಗುತ್ತಿದ್ದವು. ವಿಡಿಯೋದಲ್ಲಿ ನನಗೆ ಪೆಟ್ಟು ಕಾಣಲಿಲ್ಲ.

ಇನ್ನೆರಡು ಸಣ್ಣ ವಿಷಯ, ಅಂಪೈರಿಂಗ್ ಮಾಡುತ್ತೀರಲ್ಲ ಅದಕ್ಕೆ. ಗಾಳಿಯಲ್ಲಿದ್ದ ಚೆಂಡು ಬಜರ್ ಆದ ಮೇಲೆ ರಿಂಗಿಗೆ ಬಡಿದು ಮೇಲೆದ್ದರೆ, ಒಳಗೆ ಬೀಳುವ ಸಾಧ್ಯತೆ ಇರುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ರಕ್ಷಣೆಯವರು ಮುಟ್ಟಿದರೆ ಅಂಕ ಕೊಡಬೇಕು. ನೆಲಕ್ಕೆ ಬಿದ್ದು ಪುಟಿದು ಒಳಗೆ ಹೋದರೆ ಇಲ್ಲ, ನೆಲ ಮುಟ್ಟಿದಾಗಲೇ ಶಾಟ್ ಮುಗಿಯಿತು.

ಸೈಡ್‌ನಿಂದ ಚೆಂಡು ಎಸೆದು ಆಟ ಶುರುವಾಗುವಾಗ ಗಡಿಯಾರದಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ ನೋಡಿಕೊಳ್ಳಿ. 0.3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಿಡಿದು ಹೊಡೆಯಬಹುದು. 0.2 ಅಥವಾ 0.1 ಇದ್ದರೆ ಹಿಡಿಯಲು ಹೊತ್ತಿಲ್ಲ ಎಂದೇ ನಿಯಮ ಭಾವಿಸುತ್ತದೆ; ಬಂದ ಚೆಂಡನ್ನು ಬೆರಳಿನಿಂದ ತಟ್ಟಿ ಅಥವಾ ರಿಂಗಿನ ಮೇಲಿಂದ ನೇರ ಒಳಗೆ ತುರುಕಿ (ಡಂಕ್) ಮಾತ್ರ ಅಂಕ ಪಡೆಯಬಹುದು. ಇದರ ಹಿಂದೆ ಒಂದು ಪಂದ್ಯ ಇದೆ. 1990ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ನಿಕ್ಸ್ ಮತ್ತು ಶಿಕಾಗೊ ಬುಲ್ಸ್ 106–106ರಲ್ಲಿದ್ದಾಗ 0.1 ಸೆಕೆಂಡು ಉಳಿದಿತ್ತು. ಟ್ರೆಂಟ್ ಟಕರ್ ಚೆಂಡು ಹಿಡಿದು, ತಿರುಗಿ, ನೆಗೆದು ಮೂರು ಅಂಕ ಹೊಡೆದ. ನಿಕ್ಸ್ 109–106ರಿಂದ ಗೆದ್ದಿತು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮನುಷ್ಯರು ಅಷ್ಟು ಕೆಲಸ ಮಾಡಲಾರರು. ಚೆಂಡು ಕೈಗೆ ತಾಗಿದ್ದನ್ನು ಕಂಡು ಟೈಮರ್ ಗುಂಡಿ ಒತ್ತುವುದಕ್ಕೇ 0.2 ಸೆಕೆಂಡಿನಷ್ಟು ಬೇಕು, ಗಡಿಯಾರ ತಡವಾಗಿ ಶುರುವಾಗಿತ್ತು. ಮುಂದಿನ ಋತುವಿಗೆ ಎನ್‌ಬಿಎ ನಿಯಮ ತಂದಿತು, ಫಿಬಾದಲ್ಲೂ ಅದೇ 0.3 ಇದೆ. ನಿಮ್ಮ ಪಂದ್ಯದಲ್ಲಿ ಹತ್ತನೇ ಭಾಗ ತೋರಿಸುವ ಗಡಿಯಾರ ಇಲ್ಲದೆ ಬರೀ ಸ್ಟಾಪ್‌ವಾಚ್ ಇದ್ದರೆ, ಪ್ರತಿ ಸಲ ಆಟ ನಿಂತಾಗ ಎಷ್ಟು ಉಳಿದಿದೆ ಎಂದು ಟೈಮರ್ ಬಾಯಿಬಿಟ್ಟು ಹೇಳಲಿ, ನೀವು ಅದನ್ನು ಎರಡೂ ತಂಡಕ್ಕೆ ಹೇಳಿ.

ಮೇಜಿನ ಕಡೆಯ ಗೊಂದಲ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ ಫೈನಲ್ ಸಾಕು. ಸೋವಿಯತ್ ತಂಡದ ಎದುರು ಅಮೆರಿಕ 50–49ರಿಂದ ಮುಂದಿತ್ತು, ಉಳಿದದ್ದು ಮೂರು ಸೆಕೆಂಡು. ಟೈಮ್ ಔಟ್ ಕೇಳಿದ್ದು ಮೇಜಿಗೆ ಮುಟ್ಟಿತೇ ಇಲ್ಲವೇ, ಗಡಿಯಾರ ಮೂರಕ್ಕೆ ತಿರುಗಿಸಿ ಆಗಿತ್ತೇ ಇಲ್ಲವೇ ಎಂಬ ಗೊಂದಲದಲ್ಲಿ ಆ ಮೂರು ಸೆಕೆಂಡನ್ನು ಮೂರು ಸಲ ಆಡಿಸಿದರು. ಎರಡನೇ ಸಲ ಬಜರ್ ಆದಾಗ ಅಮೆರಿಕದವರು ಗೆದ್ದೆವೆಂದು ಕುಣಿದೂ ಆಗಿತ್ತು. ಮೂರನೇ ಸಲ ಎಡೆಷ್ಕೊ ಇಡೀ ಅಂಕಣದಾಚೆಗೆ ಎಸೆದ ಚೆಂಡನ್ನು ಬೆಲೊವ್ ಬುಟ್ಟಿಗೆ ಹಾಕಿದ, ಸೋವಿಯತ್ ತಂಡ 51–50. ಅಮೆರಿಕ ಮೇಲ್ಮನವಿ ಸಲ್ಲಿಸಿತು, ಸಮಿತಿ 3–2ರಿಂದ ತಳ್ಳಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ತೆಗೆದುಕೊಳ್ಳಲೇ ಇಲ್ಲ. ಅಲ್ಲಿ ಯಾರ ಕೈಯಲ್ಲಿ ಚೆಂಡಿತ್ತು ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಗಡಿಯಾರ ನೋಡಿಕೊಳ್ಳುವವರಿಗೂ ಅಂಪೈರ್‌ಗಳಿಗೂ ನಡುವೆ ಮಾತು ಮುರಿದಿತ್ತು.

ಪಂದ್ಯ ಶುರುವಾಗುವ ಮೊದಲೇ ತಪ್ಪಾಗಿದೆ ಎಂದೆನಲ್ಲ, ಅದು ಇದೇ. ಅಂದು ಮಳೆ ಹೊಯ್ಯುತ್ತಿತ್ತು ಎಂದು ಬರೆದಿದ್ದೀರಿ. ಬಜರ್ ಕೇಳುವುದಿಲ್ಲ ಎಂದು ಮೊದಲ ಕ್ವಾರ್ಟರ್ ಮುಗಿದಾಗಲೇ ಗೊತ್ತಾಗಿರುತ್ತದೆ. ಆಗಲೇ ಮೇಜಿನ ಹತ್ತಿರ ಹೋಗಿ, ಕೇಳದಿದ್ದರೆ ಏನು ಮಾಡೋಣ ಎಂದು ಯಾರೂ ಮಾತಾಡಲಿಲ್ಲ. ನೀವು ಅಂಪೈರಿಂಗ್ ಮಾಡುವ ದಿನ ಇಪ್ಪತ್ತು ನಿಮಿಷ ಮೊದಲು ಹೋಗಿ. ಬಜರ್ ಒತ್ತಿಸಿ, ನೀವು ಆಚೆ ಮೂಲೆಯಲ್ಲಿ ನಿಂತು ಕೇಳಿ. ನಮ್ಮ ಶಾಲೆಗಳಲ್ಲಿ ರೈಲು ಕಂಬಿಯ ತುಂಡು ನೇತುಹಾಕಿ ಗಂಟೆ ಮಾಡಿರುತ್ತಾರಲ್ಲ, ಅದರ ಟಣ್ ಎಂಬ ಸದ್ದು ಮಳೆಯಲ್ಲೂ ಸೀಳಿಕೊಂಡು ಬರುತ್ತದೆ. ಅಂಥದ್ದೊಂದನ್ನು ಮೇಜಿನ ಪಕ್ಕ ಇಡಿಸಿ, ಬಜರ್ ಜೊತೆಗೇ ಹೊಡೆಯಲು ಒಬ್ಬರನ್ನು ನಿಲ್ಲಿಸಿ. ಕರೆಂಟು ಹೋದರೆ ಯಾವ ಸ್ಟಾಪ್‌ವಾಚ್, ಯಾರ ಕೈಯಲ್ಲಿ, ಎಂಬುದೂ ಆಗಲೇ ತೀರ್ಮಾನವಾಗಲಿ. ಎರಡೂ ತಂಡದ ಕೋಚ್‌ಗಳನ್ನು ಕರೆದು, “ಇವತ್ತು ಈ ಗಂಟೆಯೇ ಸಂಕೇತ” ಎಂದು ಹೇಳಿಬಿಡಿ. ಕೊನೆಯ ನಿಮಿಷ ಬಂದಾಗ ಟೈಮರ್ ಕಡೆ ಒಮ್ಮೆ ನೋಡಿ, ಅವರು ನಿಮ್ಮನ್ನು ನೋಡಲಿ, ಜೊತೆಯ ಅಂಪೈರ್‌ಗೆ “ಕೊನೆಯ ಶಾಟ್ ನನ್ನದು” ಎಂದು ಎದೆ ಮುಟ್ಟಿ ತೋರಿಸಿ.

ಕೋಚ್ ಆಗಿ ಒಂದು ವಿಷಯ ತಿಳಿದಿರಿ. ಆಕ್ಷೇಪ ಇದ್ದರೆ ಪಂದ್ಯ ಮುಗಿದ 15 ನಿಮಿಷದೊಳಗೆ ನಿಮ್ಮ ನಾಯಕಿ ಮುಖ್ಯ ರೆಫರಿಗೆ ತಿಳಿಸಿ ಸ್ಕೋರ್ ಶೀಟಿನಲ್ಲಿ ಅದಕ್ಕಾಗಿಯೇ ಇರುವ ಜಾಗದಲ್ಲಿ ಸಹಿ ಮಾಡಬೇಕು. ಮಾರನೇ ದಿನ ವಿಡಿಯೋ ಹಿಡಿದು ಹೋದರೆ ಕೇಳುವವರಿಲ್ಲ.

ಆ ಹುಡುಗಿಗೆ ನನ್ನ ಕಡೆಯಿಂದ ಹೇಳಿ, ನಾಲ್ಕು ಸೆಕೆಂಡಿನಲ್ಲಿ ಅವಳು ಮಾಡಿದ ಆಟ ಬಹಳ ಚೆಂದದ್ದು. ಎರಡನೇ ಡ್ರಿಬಲ್ ಒಂದೇ ಹೆಚ್ಚಾಯಿತು. ಇನ್ನು ಮೇಲೆ ಅಭ್ಯಾಸದ ಕೊನೆಗೆ ದಿನಾ ಹತ್ತು ಸಲ ಹೀಗೆ ಮಾಡಿಸಿ: ಸೈಡ್‌ನಿಂದ ಅವಳಿಗೆ ಚೆಂಡು ಎಸೆಯಿರಿ, ಚೆಂಡು ಕೈಗೆ ತಾಗಿದೊಡನೆ ಸ್ಟಾಪ್‌ವಾಚ್ ಒತ್ತಿ, ನೀವು ಬಾಯಿಬಿಟ್ಟು ಎಣಿಸಬೇಡಿ. ಮೂರು ಸೆಕೆಂಡು ಆಗುವಷ್ಟರಲ್ಲಿ ಚೆಂಡು ಕೈಬಿಟ್ಟಿರಬೇಕು, ಅವಳೇ ಒಳಗೊಳಗೆ ಎಣಿಸಿಕೊಳ್ಳಲಿ. ಬುಟ್ಟಿಗೆ ಬಿತ್ತೇ ಎಂದು ನೋಡಬೇಡಿ, ಕೈ ನೋಡಿ ವಾಚು ನಿಲ್ಲಿಸಿ. ಅವಳ ಎಣಿಕೆಯೂ ನಿಮ್ಮ ಕಣ್ಣೂ ಒಟ್ಟಿಗೇ ಪಳಗುತ್ತವೆ. ಮೊದಲ ವಾರ ಗಾಬರಿಯಲ್ಲಿ ಒಂದೂವರೆ ಸೆಕೆಂಡಿಗೇ ಎಸೆದುಬಿಡುತ್ತಾಳೆ, ಬೈಯಬೇಡಿ. ಉಳಿದ ಹುಡುಗಿಯರು ಅಷ್ಟು ಹೊತ್ತು ಸುತ್ತ ನಿಂತು ಕಿರುಚಲಿ, ಮಳೆ ಬರುತ್ತಿದ್ದರೆ ಅದೂ ಬರಲಿ.